ಐವತ್ತು ನಿಮಿಷ ತಡ

ಜಾಂಬಿಯಾನಿಯ ನನ್ನ ಮೂರು ಕೋಣೆಯ ಮನೆಗೆ
ರಾತ್ರಿ ಬಂದಿಳಿದರು ಚಿಲೊಂಗಾನಿ ದಂಪತಿ.
ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕೈ,
ಡೊಡೊಮಾ ಟಬೋರಾ, ಟಬೋರಾ ಡೊಡೊಮಾ,
ನಡುವೆ ಉದ್ದಕ್ಕೂ ಕೆಂಪು ಧೂಳು.
ಕಡಲನ್ನು ನೋಡಿದ್ದು ಕ್ಯಾಲೆಂಡರಿನಲ್ಲಿ,
ಅದೂ ಜುಲೈ ತಿಂಗಳ ಹಾಳೆಯಲ್ಲಿ ಮಾತ್ರ.
ನಿವೃತ್ತಿಯ ದಿನ ಡಿಪೊದವರು ಚಂದಾ ಎತ್ತಿ
ಕೊಡಿಸಿದ ರಜೆ ಇದು.

ಆಕೆ ಫೆಲಿಸ್ತಾ, ಬಂದ ಅರ್ಧ ಗಂಟೆಗೇ
ಚಪ್ಪಲಿ ಬಿಟ್ಟು, ಕಾಲು ಚಾಚಿ,
ಹುಟ್ಟಿದಂದಿನಿಂದ ಇಲ್ಲೇ ಇದ್ದವರಂತೆ
ಆರಾಮ ಕುರ್ಚಿಯಲ್ಲಿ ನಿದ್ದೆ ಹೋದರು.
ಈತನದೇ ಕಷ್ಟ.
ನಸುಕಿನ ನಾಲ್ಕಕ್ಕೆ ಎದ್ದು, ಬೂಟು ಕಟ್ಟಿ,
ಇಸ್ತ್ರಿ ಅಂಗಿ ತೊಟ್ಟು
ಮೆಟ್ಟಿಲ ಮೇಲೆ ಕೂತಿದ್ದಾರೆ
ಯಾರೋ ಕೀಲಿಕೈ ತಂದುಕೊಡುವವರಂತೆ.
ಕತ್ತಲಲ್ಲಿ ಕಡಲು ಹತ್ತಿರವೇ ಉಸಿರಾಡುತ್ತಿತ್ತು.

ಹತ್ತು ಗಂಟೆಗೆ ಓಡಿ ಬಂದರು ಅಡುಗೆಮನೆಗೆ:
‘ಸುಬೀರಾ, ಸಮುದ್ರ ಎಲ್ಲಿ?’
ನಾನು ಎಂಟುಗಾಲಿಯ ಮಾಂಸ ಬಡಿಯುತ್ತಿದ್ದೆ ಕಲ್ಲಿಗೆ.
‘ಹೋಗಿದೆ.’
‘ಹೋಗಿದೆ ಅಂದರೆ?’
‘ದಿಬ್ಬದಾಚೆಗೆ. ಬರುತ್ತೆ.’
‘ಎಷ್ಟು ಗಂಟೆಗೆ?’
‘ಇವತ್ತು ನಾಲ್ಕಕ್ಕೆ.’
‘ನಾಳೆ?’
‘ಐವತ್ತು ನಿಮಿಷ ತಡ.’
‘ನಾಡಿದ್ದು?’
‘ಅದಕ್ಕೂ ಐವತ್ತು ನಿಮಿಷ ತಡ.’

ಚಿಲೊಂಗಾನಿ ಬಾಗಿಲಿಗೆ ಒರಗಿ ನಿಂತರು.
‘ನಾನಾಗಿದ್ದರೆ ಸಂಬಳ ಕತ್ತರಿಸುತ್ತಿದ್ದರು.
ಯಾರೂ ಬೈಯುವುದಿಲ್ಲವೆ?’
‘ಬೈಯಬಹುದು. ಕಿವಿಗೆ ಬೀಳುವಷ್ಟು ಹತ್ತಿರ
ಅದು ಇರುವುದಿಲ್ಲ.’

ಮರುದಿನ ಬೂಟು ಕೈಯಲ್ಲಿ ಹಿಡಿದು
ನೀರು ಬಿಟ್ಟುಹೋದ ಬಯಲಿಗಿಳಿದರು.
ಅಲ್ಲಿ ಹುಡುಗಿಯರು ಗೂಟದಿಂದ ಗೂಟಕ್ಕೆ
ಹಗ್ಗ ಬಿಗಿದು ಪಾಚಿ ಬೆಳೆಯುತ್ತಾರೆ,
ಮಾತಾಡುತ್ತಾ ಬಾಗುತ್ತಾರೆ, ಮಾತಾಡುತ್ತಾ ಏಳುತ್ತಾರೆ.
ಒಂದು ಕಲ್ಲು ಕಂಡಿತು, ಕೂತರು.
‘ಏಳಪ್ಪಾ, ಅದು ನನ್ನ ಕಲ್ಲು’
ಅಂದಳು ನನ್ನ ದೊಡ್ಡಮ್ಮ ಮ್ವನಾಖೇರಿ.
ಅದರಡಿ ಆರು ತಿಂಗಳ ಹಿಂದೆ
ಹೂತಿಟ್ಟಿದ್ದಳು ತೆಂಗಿನ ಸಿಪ್ಪೆ.
ಉಪ್ಪಿನಲ್ಲಿ ನೆನೆದು ಮೆತ್ತಗಾಗಲಿ, ನಾರು ಬಿಡಲಿ ಎಂದು.
‘ಇಷ್ಟು ಗುಂಡಿಗಳಲ್ಲಿ ನಿನ್ನದು ಯಾವುದೆಂದು ಹೇಗೆ ಗೊತ್ತು?’
‘ನಿಲ್ದಾಣದಲ್ಲಿ ನಿನ್ನ ಬಸ್ಸು ನಿನಗೆ ಗೊತ್ತಾಗುತ್ತಿರಲಿಲ್ಲವೆ?’

ಸಂಜೆ ಬಂದಾಗ ಮೈಯೆಲ್ಲ ಕೊಳೆತ ಸಿಪ್ಪೆಯ ನಾತ.
ಫೆಲಿಸ್ತಾ ಮೂಗು ಮುಚ್ಚಿಕೊಂಡು ನಕ್ಕರು,
ನಕ್ಕು ನಕ್ಕು ಕುರ್ಚಿಯಿಂದ ಜಾರಿದರು.
ಅವರ ಬೆರಳಿಗೆ ಸುತ್ತಿದ ಒಂದು ಗೇಣು ಹುರಿ,
ಸ್ವಂತ ಹೊಸೆದದ್ದು, ಒಂದು ಕಡೆ ದಪ್ಪ, ಒಂದು ಕಡೆ ದಾರ.

ಮೂರನೆಯ ದಿನದ ಬಗ್ಗೆ ಹೇಳಲು ಏನೂ ಇಲ್ಲ.
ಗಾಳಿಮರದ ನೆರಳು ಸರಿದ ಕಡೆಗೆ
ಇಬ್ಬರೂ ಸರಿದರು.
ಹಾಲಲ್ಲಿ ಬೆಂದ ಮರಗೆಣಸು ತಿಂದರು.
ಒಂದು ಏಡಿ ಅವರ ಬೂಟಿನೊಳಕ್ಕೆ ಹೋಗಿ
ಸಂಜೆಯವರೆಗೆ ಹೊರಬರಲಿಲ್ಲ,
ಯಾರೂ ಅದನ್ನು ಎಬ್ಬಿಸಲಿಲ್ಲ.
ಕೈಗಡಿಯಾರ ನನ್ನ ಅಕ್ಕಿಡಬ್ಬದ ಮೇಲೆ
ಟಿಕ್ ಟಿಕ್ ಅನ್ನುತ್ತಾ ತಾನೊಂದೇ ಕೆಲಸ ಮಾಡುತ್ತಿತ್ತು.

ಹೊರಡುವ ಬೆಳಿಗ್ಗೆ ಆರಕ್ಕೆ ಗಾಡಿ ಬಂತು.
ಹಡಗು ಹಿಡಿಯಬೇಕು ಎಂದು ಹಾರನ್ ಬಾರಿಸಿದ
ಹುಡುಗ ಡ್ರೈವರು, ಮೂರು ಸಲ, ನಾಲ್ಕು ಸಲ.
ನೀರು ಮೆಟ್ಟಿಲವರೆಗೆ ತುಂಬಿತ್ತು, ಹಸಿರು, ತಣ್ಣಗೆ,
ಅದರೊಳಗೆ ಎದೆಮಟ್ಟ ನಿಂತ ಚಿಲೊಂಗಾನಿ
ಯಾವ ಪ್ರಯಾಣಿಕನಿಗೂ ಅರೆಕ್ಷಣ ಕಾಯದ ಮನುಷ್ಯ,
ತಿರುಗದೆಯೇ ಒಂದು ಕೈ ಎತ್ತಿ
‘ಬಂದೆ, ಬಂದೆ’ ಅಂದರು,
ಇನ್ನೂ ಒಂದು ಹೆಜ್ಜೆ ಒಳಕ್ಕೆ ಹೋದರು.

ಗಾಡಿಯಲ್ಲಿ ಕೂತಿದ್ದ ಫೆಲಿಸ್ತಾ
ಹುಡುಗನ ಮುಖ ನೋಡಿದರು, ನೀರು ನೋಡಿದರು,
ಮಡಿಲಿನ ಗಂಟು ಪಕ್ಕಕ್ಕಿಟ್ಟು ಇಳಿದು
ಮತ್ತೆ ಚಪ್ಪಲಿ ಕಳಚಿದರು.