ಮುಕ್ಕಾಲು ಇಂಚು

ಬಲಗಡೆ ವಾಲಿದೆ ಅಂತ ಮೊದಲು ಕಂಡದ್ದು ನನಗೆ.
ಸ್ವರ್ಣಸಂದ್ರದ ನಮ್ಮ ಗಲ್ಲಿಯಲ್ಲಿ ಸುಮೊ ನಿಲ್ಲಿಸಿ
ಇವರು ಬೀಗ ಹಾಕುತ್ತಿದ್ದರು. ನಾನು ಮಿಷನ್ ಮುಂದೆ
ಸೂಜಿಗೆ ದಾರ ಪೋಣಿಸುತ್ತ ಕಿಟಕಿಯಿಂದ ನೋಡಿದೆ:
ಒಂದು ಭುಜ ಇಳಿದಿದೆ.

ಇಪ್ಪತ್ತೆರಡು ವರ್ಷ ರವಿಕೆ ಹೊಲಿದ ಕಣ್ಣು.
ಸಮ ಭುಜದವರು ಮಂಡ್ಯದಲ್ಲಿ ನನಗಿನ್ನೂ ಸಿಕ್ಕಿಲ್ಲ.
ಜಯಶೀಲ ಟೀಚರಿಗೆ ಎಡ ಇಳಿದಿದೆ, ಬ್ಯಾಗಿನ ಕಡೆಗೆ.
ಡೇರಿ ಮಾಯಿಗಮ್ಮನಿಗೆ ಬಲ, ಕ್ಯಾನಿನ ಕಡೆಗೆ.
ಅದನ್ನ ಬಾಯಿಬಿಟ್ಟು ಹೇಳಬಾರದು,
ಒಳಗೊಂದು ಪದರ ಬಟ್ಟೆ ಕೊಟ್ಟು
ಸುಮ್ಮನೆ ಹೊಲಿದುಬಿಡಬೇಕು.

ಗ್ಯಾರೇಜಿನ ಮುನಾವರ್ ಮೂರೂವರೆ ಸಾವಿರ ಅಂದನಂತೆ.
ಸ್ಕೂಲ್ ಮಕ್ಕಳ ಬಾಡಿಗೆ ಬರೋದು ಐದನೇ ತಾರೀಕಿಗೆ.
ಭಾನುವಾರ ಇವರು ಲುಂಗಿ ಎತ್ತಿ ಕಟ್ಟಿ
ಗೋಣಿಚೀಲ ಹಾಸಿ ಗಾಡಿ ಅಡಿಗೆ ಜಾರಿದರು.
"ಟೇಪು ಕೊಡು."

ನನ್ನ ಟೇಪು, ಗ್ರೀಸ್ ಕೈಗೆ!
ಕೊಟ್ಟೆ.

ಚಕ್ರದ ನಡುಮಧ್ಯದಿಂದ ಮೇಲೆ ಮಡ್‌ಗಾರ್ಡಿನ ಅಂಚಿಗೆ:
ಎಡ ಹತ್ತೊಂಬತ್ತು. ಬಲ ಹದಿನೇಳೂಮುಕ್ಕಾಲು.
ಗಾಳಿ ನೋಡಿದ್ದಾಯ್ತು, ಎರಡರಲ್ಲೂ ಸಮ.
ಎದುರುಮನೆ ಗಾರೆ ಕೆಲಸದ ಕರಿಯಪ್ಪಾಜಿ
ಹಲ್ಲುಕಡ್ಡಿ ಕಚ್ಚಿಕೊಂಡೇ ರಸಮಟ್ಟ ತಂದು ನೆಲಕ್ಕಿಟ್ಟ.
ಗುಳ್ಳೆ ಓಡಿ ಮೂಲೆ ಸೇರಿತು.
"ನಿಮ್ಮ ಅಂಗಳವೇ ಮೋರಿ ಕಡೀಕ್ ವಾಲದೆ ಕಣಯ್ಯಾ,
ಗಾಡಿನ್ಯಾಕ್ ಬಯ್ತೀಯ?"

ವಾಟರ್ ಟ್ಯಾಂಕ್ ಮುಂದಿನ ಸಮದ ಜಾಗಕ್ಕೆ ಒಯ್ದು ಅಳೆದರೆ
ಅರ್ಧ ಇಂಚು ನೆಲದ್ದು,
ಮುಕ್ಕಾಲು ಇಂಚು ಮಾತ್ರ ನಮ್ಮದು.

ಅದರ ಹೊಟ್ಟೆ ಕೆಳಗೆ ಉದ್ದಕ್ಕೆ ಒಂದು ಸರಳಿದೆ.
ಸ್ಪ್ರಿಂಗ್ ಅಲ್ಲ, ಪಟ್ಟಿ ಅಲ್ಲ, ಬರೀ ಸರಳು;
ತಿರುಚಿಕೊಂಡೇ ಭಾರ ಹೊರುತ್ತದೆ ಅಂದರು.
ಹುರಿ, ಅಂದೆ ನಾನು.
ದಾರಕ್ಕೆ ಬಲ ಬರೋದೂ ಹಾಗೇ ಅಲ್ಲವಾ,
ಹುರಿ ಬಿಚ್ಚಿದರೆ ಅದು ಬರೀ ಅರಳೆ.
ಹದಿನಾರು ವರ್ಷ ಬಲಗಡೆ ಇವರೊಬ್ಬರೇ ಕೂತು
ಕಬ್ಬಿಣದ ಹುರಿ ಚೂರು ಸಡಿಲಾಗಿದೆ.

ರಾತ್ರಿಯೇ ಸೀಮೆಣ್ಣೆ ಕುಡಿಸಿದ್ದ ನಟ್ಟು
ಬೆಳಿಗ್ಗೆಯೂ ಮಿಸುಕಲಿಲ್ಲ.
ಜಾಕ್ ಏರಿಸಿ, ಮರದ ತುಂಡು ಒತ್ತುಕೊಟ್ಟು,
ಸ್ಪ್ಯಾನರಿನ ಬಾಲಕ್ಕೊಂದು ಪೈಪ್ ತೂರಿಸಿ
ಇವರು ಅಮ್ಮನನ್ನೂ ಮಾರಮ್ಮನನ್ನೂ ಒಟ್ಟಿಗೆ ಕರೆದಾಗ
ಕಿರ್ ಅಂತು.
ಬೋಲ್ಟಿನ ತಲೆಗೆ ನನ್ನ ಸೀಮೆಸುಣ್ಣದ ಗೀಟು.
ಒಂದು ಸುತ್ತು. ಇಳಿಸು. ಅಳೆ.
ಏನೂ ಇಲ್ಲ.
ಇನ್ನೆರಡು ಸುತ್ತು. ಒಂದಿಂಚು ಮೇಲೆದ್ದಿತು!

"ನಂಬಬೇಡಿ" ಅಂದೆ.
ಅಳತೆ ಕೊಡುವಾಗ ಎಲ್ಲರೂ ನೆಟ್ಟಗೇ ನಿಲ್ಲುತ್ತಾರೆ.
ಉಸಿರು ಹಿಡಿದು, ಹೊಟ್ಟೆ ಎಳೆದು,
ಇಳಿದ ಭುಜ ಏರಿಸಿಕೊಂಡು.
ಒಂದು ಮಾತಾಡಿಸಬೇಕು, ಮಗಳ ಮದುವೆ ಎಲ್ಲಿಗೆ ಬಂತು ಅನ್ನಬೇಕು,
ಆಗ ಮೈ ತನ್ನ ಜಾಗಕ್ಕೆ ಬರುತ್ತದೆ,
ಆಗ ಟೇಪು ಹಿಡಿಯಬೇಕು.
ಗಾಡಿಯನ್ನ ಮಾತಾಡಿಸೋದು ಹೇಗೆ?
ಕಾಲುವೆ ಏರಿವರೆಗೂ ಓಡಿಸಿಕೊಂಡು ಬಂದರು,
ಮೂರು ಹಂಪು, ಒಂದು ಕೊರಕಲು.
ಮತ್ತೆ ಕಾಲಿಂಚು ಕುಸಿದಿತ್ತು.

ಅಲ್ಲಿಗೆ ಲೆಕ್ಕ ಸರಿ. ಎರಡೂ ಕಡೆ ಹತ್ತೊಂಬತ್ತು.
ಕರಿಯಪ್ಪಾಜಿ ಬಿಡಬೇಕಲ್ಲ:
"ಯಾರೂ ಕೂರದೆ ಸಮ ಆದ್ರೆ ಏನ್ ಬಂತು?
ಓಡಿಸೋನು ಕೂತಾಗ ಸಮ ಆಗ್ಬೇಕು."
ಓಡಿಸೋನು ಗಾಡಿ ಅಡಿಯಲ್ಲಿ ಅಂಗಾತ.

ಹಾಗಾಗಿ ನಾನು ಹತ್ತಿದೆ.
ನನ್ನ ತೂಕ ಸಾಲದೆಂದು
ಹತ್ತು ಕೇಜಿ ರಾಗಿಹಿಟ್ಟು ತೊಡೆಮೇಲೆ.
ಸೀಟಿನಲ್ಲಿ ಇವರ ಬೆನ್ನಿನ ಗುಳಿ,
ಸ್ಟೇರಿಂಗ್ ಒಂದು ಕಡೆ ಸವೆದು ನುಣ್ಣಗೆ.
ಎದುರಿಗೆ, ಗಾಜಿನಾಚೆ, ನಮ್ಮ ಗಲ್ಲಿ
ಇಷ್ಟು ಎತ್ತರದಿಂದ ನೋಡಿರಲಿಲ್ಲ.
ನನ್ನ ಮಿಷನ್ನಿನ ಕಿಟಕಿ ಎಷ್ಟು ಸಣ್ಣದು.

ಕೆಳಗಿಂದ ಕೂಗಿದರು:
"ನೆಟ್ಟಗೆ ಕೂರಬ್ಯಾಡ ಕಣೆ,
ದಿನಾ ಕೂರೋ ಹಂಗೆ ಕೂತ್ಕೊ."

ದಿನಾ?