ಮರಳು

ಇಬುಸುಕಿಯ ದಂಡೆಯಲ್ಲಿ ಒಂದು ಉದ್ದನೆ ಚಪ್ಪರ.
ಅದರಡಿ ಸಾಲಾಗಿ ತಲೆಗಳು, ಟವೆಲು ಸುತ್ತಿದವು,
ಕೋಸಿನ ಪಾತಿಯ ಹಾಗೆ.
ಎರಡು ತಲೆಗಳ ನಡುವೆ ನನಗೊಂದು ಗುಂಡಿ.

ಸಲಿಕೆ ಹಿಡಿದಾಕೆಯ ಹೆಸರು ಹಿಸಾಯೊ, ಕೇಳಿದೆ.
ಮಲಗು ಎಂದು ಕೈಯಲ್ಲೇ ಹೇಳಿದಳು.
ಕಾಲಿಂದ ಶುರು. ಒದ್ದೆ ಕಪ್ಪು ಮರಳು,
ಸಲಿಕೆಗೊಂದು ಧಪ್.
ನಮ್ಮಲ್ಲಿ ಮೂರು ಹಿಡಿಗೆ ಮುಗಿಯುತ್ತದೆ,
ಆಮೇಲೆ ತಿರುಗಿ ನೋಡದೆ ಹೋಗಬೇಕು.
ಇವಳು ನಿಲ್ಲಿಸಲಿಲ್ಲ. ಕತ್ತಿನವರೆಗೂ ಹೊದಿಸಿ,
ಬಗ್ಗಿ, ನನ್ನ ಮೂಗಿನ ಮೇಲೆ ಕೂತ ಒಂದು ಕಾಳನ್ನು
ಕಿರುಬೆರಳಲ್ಲಿ ತೆಗೆದಳು.

ಅನ್ನಕ್ಕೆ ಮಣ್ಣು ಹಾಕಿದ ಎಂದು ಶಪಿಸುತ್ತೇವಲ್ಲ,
ಈಕೆಗೆ ಮಣ್ಣು ಹಾಕುವುದೇ ಅನ್ನ.

ಅಡಿಯಲ್ಲೆಲ್ಲೋ ನೀರು ಮರಳುತ್ತಿದೆ.
ಮೊದಲು ಬೆನ್ನಿಗೆ ಗೊತ್ತಾಗುತ್ತದೆ, ಆಮೇಲೆ ಹಿಮ್ಮಡಿಗೆ,
ಆಮೇಲೆ ಎದೆಬಡಿತ ಹೆಬ್ಬೆರಳಿಗೆ ಇಳಿದು
ಅಲ್ಲೇ ಬಿಡಾರ ಹೂಡುತ್ತದೆ.
ಕೆನ್ನೆ ತುರಿಸುತ್ತಿದೆ. ಕೈ ಎಲ್ಲಿಟ್ಟೆನೋ!
ಪಕ್ಕದ ತಲೆ, ಯಾರೋ ಮುದುಕ, ಗೊರಕೆ ಹೊಡೆಯುತ್ತಿದೆ.
ಅದರಾಚೆ ಕಡಲು,
ತನ್ನ ಮೇಲೆ ಯಾರೂ ಏನೂ ಹೇರದ ಹಗುರದಲ್ಲಿ.

ಹತ್ತೇ ನಿಮಿಷ ಎಂದಿದ್ದರು.
ಗಡಿಯಾರವಿರುವುದು ನನ್ನ ನೆತ್ತಿಯ ಹಿಂದೆ.

ಏಳುವುದು ಹೇಗೆಂದು ಯಾರೂ ಹೇಳಿರಲಿಲ್ಲ.
ಮೊಣಕಾಲ ಮೇಲೆ ಮೊದಲೊಂದು ಬಿರುಕು,
ಮತ್ತೆ ಭುಜ. ಕಿತ್ತ ಶೇಂಗಾ ಗಿಡದ ಹಾಗೆ
ಮರಳು ಉದುರಿಸುತ್ತ ನಿಂತೆ.
ನಾಚಿಕೆಯಾಯಿತು: ಸುಮ್ಮನೆ ನಗು ಬರುತ್ತಿತ್ತು.

ತಿರುಗಿ ನೋಡಿದೆ, ನೋಡಬಾರದೆಂದು ಗೊತ್ತಿದ್ದೂ.
ಗುಂಡಿಯಲ್ಲಿ ನನ್ನದೇ ಅಚ್ಚು,
ಇನ್ನೂ ಹಬೆಯಾಡುತ್ತ.
ಹಿಸಾಯೊ ಆಗಲೇ ಸಲಿಕೆಯ ಬೆನ್ನಿನಿಂದ
ಅದನ್ನು ಸಮ ಮಾಡುತ್ತಿದ್ದಳು,
ಮುಂದಿನವರನ್ನು ಕೂಗುತ್ತ.