ಎರಡು ಬೆರಳು

ಆಸ್ಪತ್ರೆಯ ಕಾಗದಕ್ಕೆ ಬಟ್ಟೆಯ ಚೂರೊಂದನ್ನು
ಪಿನ್ನು ಚುಚ್ಚಿ ಕಳಿಸಿದ್ದರು: ಎಳೆ ನವಿಲುಕೋಸಿನ ಬಣ್ಣ.
ಮೂವತ್ತೆಂಟು ಜೊತೆ. ಎಲ್ಲರಿಗೂ ಪ್ಯಾಂಟು,
ಎಲ್ಲರಿಗೂ ಮೊಣಕೈ ಮೇಲೇ ನಿಲ್ಲುವ ತೋಳು.
ಕೆಳಗೆ ಮೇಟ್ರನ್ನರ ಸಹಿ. ಸಹಿಯ ಕೆಳಗೆ, ಮರೆತು ಸೇರಿಸಿದಂತೆ,
ಯಾರಿಗೂ ವಿನಾಯಿತಿ ಇಲ್ಲ.

ಪೆನ್ಷನ್ ಮೊಹಲ್ಲಾದ ಈ ಎಂಟಡಿ ಅಂಗಡಿಯಲ್ಲಿ
ಅಪ್ಪ ಹೊಲಿಯುತ್ತಿದ್ದದ್ದು ಬಿಳಿ ಫ್ರಾಕು,
ಗಂಜಿ ಹಾಕಿ ನಿಲ್ಲಿಸಿದ ಟೋಪಿ.
ಆಗಲೂ ಊರು ನರ್ಸಮ್ಮನ ಮಂಡಿ ನೋಡಿ ಮಾತಾಡಿತಂತೆ.
ಆಮೇಲೆ ಸೀರೆ, ಆಮೇಲೆ ಚೂಡಿದಾರ, ಮೇಲೊಂದು ಕೋಟು.
ಟೇಪು ಮಾತ್ರ ಅಪ್ಪನದೇ. ತುದಿಯ ತಗಡು ಬಿದ್ದು
ಮೊದಲ ಇಂಚು ಸವೆದುಹೋಗಿದೆ.
ಒಂದರ ಗೆರೆಯಿಂದ ಹಿಡಿದು, ಕೊನೆಗೆ ಒಂದು ಕಳೆಯುತ್ತೇನೆ.

ಅಳತೆಗೆ ಬಂದವರು ಅಳತೆಯಷ್ಟೇ ಕೊಟ್ಟು ಹೋಗಲಿಲ್ಲ.

ದಾಕ್ಷಾಯಿಣಿ ಶಿವದಾರ ಹಿಡಿದು ತೋರಿಸಿದಳು.
'ಬಗ್ಗಿದರೆ ಕರಡಿಗೆ ರೋಗಿಗೆ ತಾಗುತ್ತೆ ಅಂತಾರೆ.
ಒಳಗೊಂದು ಜೇಬು ಇಡಿ, ಎದೆಯ ಎಡಕ್ಕೆ.'
ಇಟ್ಟೆ, ಅಂಗೈ ಅಗಲದ್ದು.
ಕಾಗದದಲ್ಲಿ ಒಳಜೇಬಿನ ಮಾತೇ ಇರಲಿಲ್ಲ.

ನಿಖತ್‌ಳದು ತೋಳಿನ ತಕರಾರು.
'ಮೊಣಕೈ ತನಕ ತೊಳೀಬೇಕು, ಗೊತ್ತು ಅಣ್ಣ,
ನಮಾಜಿಗೂ ಹಾಗೇ ತಾನೆ ತೊಳಿಯೋದು' ಅಂತ ನಕ್ಕಳು.
'ವಾರ್ಡಲ್ಲಿ ಬೇಡ. ವಾರ್ಡಿಂದ ವಾರ್ಡಿಗೆ ಹೋಗೋ
ಆ ಉದ್ದ ಕಾರಿಡಾರಿಗೆ ಬೇಕು ತೋಳು.'
ಟಿಚ್ ಬಟನ್ ಇಟ್ಟು ಹೊಲಿದೆ:
ಹಾಕಿದರೆ ಮಣಿಕಟ್ಟು, ಬಿಚ್ಚಿದರೆ ಮೊಣಕೈ.
ತಲೆಯ ಬಟ್ಟೆಯೂ ಅದೇ ಥಾನಿನದು.

ಕಷ್ಟವಾದದ್ದು ಯೂನಿಸ್.
ಆಲೂರು ಕಡೆಯವಳು. ಓಲೆಯಿಲ್ಲ, ಬಳೆಯಿಲ್ಲ,
ಕಿವಿಯ ತೂತು ಕೂಡಿಕೊಂಡು ಎಷ್ಟು ವರ್ಷವೋ.
'ನಮ್ಮ ಸಭೇಲಿ ಹೆಂಗಸರು ಪ್ಯಾಂಟು ತೊಡಲ್ಲ.
ಸ್ಕರ್ಟು ಹೊಲೀರಿ. ಪಾದ ಮುಟ್ಟಬೇಕು.'
ಮೇಟ್ರನ್ ಒಪ್ಪಿದರಾ?
'ಬರೆದು ಕೊಡು ಅಂದ್ರು. ಕೊಟ್ಟೆ.
ಕಾಗದ ಮೇಲಕ್ಕೆ ಹೋಗಿದೆ. ಕೆಳಗೆ ಬಂದಿಲ್ಲ.'

ಸಾಲದ ಅರ್ಧ ಮೀಟರು ಅವಳೇ ತಂದಳು.
ಬಣ್ಣ ಒಂದು ಕೂದಲಷ್ಟು ಬೇರೆ; ಹಿಂದಿನ ನೆರಿಗೆಗೆ ಸೇರಿಸಿದೆ.
ಬಿಲ್ಲಿನಲ್ಲಿ ಮಾತ್ರ ಪ್ಯಾಂಟು ಮೂವತ್ತೆಂಟು ಎಂದೇ ಬರೆದೆ.
ಹಣ ಬಂತು.

ದಸರಾ ಕಳೆದ ಮೇಲೆ ಒಂದು ಸಂಜೆ
ಅದೇ ಸ್ಕರ್ಟನ್ನು ಪೇಪರಿನಲ್ಲಿ ಸುತ್ತಿ ತಂದಳು.
ಅಂಚು ಕತ್ತರಿಸಿತ್ತು. ಸುತ್ತ ಕಪ್ಪು ಗ್ರೀಸು.
'ಸ್ಟ್ರೆಚರ್ ಗಾಲಿ. ಹೆರಿಗೆ ಆದೋಳು, ರಕ್ತ ನಿಲ್ತಿರಲಿಲ್ಲ,
ಓಡ್ತಿದ್ವಿ. ಸಿಕ್ಕಿಕೊಂಡುಬಿಡ್ತು.
ನಿಖತ್ ಕತ್ತರಿ ಹಾಕಿದಳು.'
ಆ ಹೆಂಗಸು?
'ಮನೆಗೆ ಹೋದಳು. ಮಗೂನೂ ಹಾಲು ಹಿಡೀತು.
ಆ ನಿಂತಿದ್ದ ಕ್ಷಣ ಇದೆಯಲ್ಲ,
ಅದೊಂದು ನನ್ನ ಜೊತೆ ಬಂದುಬಿಟ್ಟಿದೆ.'

ಎತ್ತಬೇಕಾ? ತಲೆ ಆಡಿಸಿದಳು.
ಎಷ್ಟು?
ಗೋಡೆ ನೋಡಿದಳು. ಗೋಡೆಯಲ್ಲಿ ನಮ್ಮ ಹಿಂಗುಲಾಂಬಿಕೆಯ ಪಟ,
ಅಮ್ಮನ ಸೀರೆಯೂ ಪಾದದವರೆಗೆ.
ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದೆ,
ಅವಸರ ಇಲ್ಲ ಅನ್ನುವ ಹಾಗೆ.
'ಎರಡು ಬೆರಳು' ಅಂದಳು.

ನನ್ನ ಅಳತೆ ಪುಸ್ತಕದಲ್ಲಿ ಬೆರಳಿಗೆ ಕಲಂ ಇಲ್ಲ.
ಯಾರ ಬೆರಳು ಅಂತ ಕೇಳಲಿಲ್ಲ.
ದೇವರು ಲೆಕ್ಕ ಇಡ್ತಾನಾ ಅಂತಲೂ ಕೇಳಲಿಲ್ಲ.
ತನ್ನವೇ ಎರಡನ್ನು ಅಂಚಿನ ಮೇಲೆ ಅಡ್ಡ ಇಟ್ಟಳು,
ತೊಳೆದು ತೊಳೆದು ಬಿರಿದವು, ಸ್ಪಿರಿಟ್ಟಿನ ವಾಸನೆಯವು.
ಅವುಗಳ ಪಕ್ಕದಲ್ಲಿ ಚಾಕಿನ ಗೆರೆ ಎಳೆದೆ.

ಕತ್ತರಿಸಲಿಲ್ಲ.
ಒಳಗೆ ಮಡಚಿ ಕೈಹೊಲಿಗೆ ಹಾಕಿದೆ,
ಬೇಕಾದ ದಿನ ನೂಲು ಎಳೆದರೆ ಇಳಿಯುವಂತೆ.
ಹರಿದದ್ದು ಆ ಮಡಿಕೆಯೊಳಗೇ ಮುಚ್ಚಿಹೋಯಿತು.
ಸೀಮೆಎಣ್ಣೆ ಹಾಕಿ ಉಜ್ಜಿದರೂ
ಗಾಲಿಯ ಕಪ್ಪು ಪೂರ್ತಿ ಹೋಗಲಿಲ್ಲ.
ಅದು ಒಳಮುಖವಾಗಿ ಇದೆ,
ನಡೆದಾಗಲೆಲ್ಲ ಅವಳ ಕಾಲಿಗೆ ಸೋಕುತ್ತಾ.